ಬೇರೆ ಮೇಜು

ಡ್ಯಾಂಡಿನಾಂಗ್, ಮೆಲ್ಬರ್ನ್
೭ ಮಾರ್ಚ್ ೨೦೨೪, ಗುರುವಾರ

ಮಗಳು ತಬಿತಾಗೆ,

ಕಾಗದ ಹ್ಯಾಂಗ ಶುರು ಮಾಡಬೇಕು ಅನ್ನೋದ್ರಾಗ ಅರ್ಧ ತಾಸು ಹೋತು. ಸಭೆಯವರಿಗೆ ಬರೆದ್ರ ಮೊದಲು ‘ಕರ್ತನ ಸಮಾಧಾನ’ ಅಂತ ಬರೀತೀವಿ. ನಿನಗ ಅದನ್ನ ಬರೀಬಹುದೋ ಬರೀಬಾರದೋ ತಿಳೀಲಿಲ್ಲ. ಯಾರನ್ನ ಕೇಳಲಿ? ಅದಕ್ಕ ಬಿಟ್ಟೀನಿ. ಸಿಟ್ಟಿಲೆ ಬಿಟ್ಟಿಲ್ಲ, ತಪ್ಪು ತಿಳಕೋಬ್ಯಾಡ.

ನೀ ಹೋಗಿ ಇಪ್ಪತ್ಮೂರು ದಿನ ಆತು. ಅಲ್ಲೆ ಬಾಗಿಲಿಗೆ ಒಳಗಿಂದ ಚಿಲಕ ಐತೇನು? ಒಂದೋ ಎರಡೋ? ಸಿಡ್ನಿ ಬಾಳ ದೊಡ್ಡ ಊರಂತ. ಬಾಜೂ ಮನಿಯವರ ಹೆಸರು ಸೈತ ಯಾರೂ ಕೇಳಂಗಿಲ್ಲಂತ. ನಿನ್ನ ಹಲ್ಲು ನೋವು ಏನಾತು? ಹೋಗೂ ಮುಂದ ಬಲಗಡೆ ದವಡಿ ಹಿಡಕೊಂಡಿದ್ದಿ. ನಾ ಲವಂಗ ಕೊಡಬೇಕಂತ ಅಡಗಿ ಮನಿಗೆ ಹೋದೆ, ಬರೋದ್ರಾಗ ನೀ ಇರಲಿಲ್ಲ. ಆ ಲವಂಗ ಇನ್ನೂ ಕಿಟಕಿ ಕಟ್ಟೀ ಮ್ಯಾಲ ಐತಿ.

ನೀ ಅಪ್ಪಗ ಬರೆದ ಕಾಗದ ಅವರು ಒಂದು ಸಲ ಓದಿ, ಮಡಿಚಿ, ಜಯವಂತ ಹಿರಿಯರ ಕೈಯಾಗ ಕೊಟ್ಟು ಬಂದ್ರು. ನನಗ ತೋರಿಸಲಿಲ್ಲ, ಲಕ್ಕೋಟಿ ಮ್ಯಾಲಿನ ವಿಳಾಸ ಅಷ್ಟ ಬರಕೊಂಡೆ. “ಏನು ಬರದಾಳ್ರೀ?” ಅಂದೆ. “ಸನ್ಮಿತ್ರನ್ನ ಲಗ್ನ ಆಗಂಗಿಲ್ಲಂತ. ಯಾವ ಗಂಡಸನ್ನೂ ಆಗಂಗಿಲ್ಲಂತ. ಆಕಿಗೆ...” ಅಂದ್ರು. ಬೂಟು ಹಾಕ್ಕೊಂಡು ಕುರ್ಚಿ ಮ್ಯಾಲ ಕೂತ್ರು. ಎಲ್ಲಿಗೂ ಹೋಗೂದಿರಲಿಲ್ಲ. ಸುಮ್ನ ಬೂಟು ಹಾಕ್ಕೊಂಡು ಕೂತ್ರು.

ಹಿರಿಯರ ಮಗ ಸನ್ಮಿತ್ರನ ಜೋಡಿ ನಿಶ್ಚಯದ ದಿನಾನ ಹೋಗಬೇಕಿತ್ತೇನು ನೀ? ಎಂಬತ್ತು ಹೋಳಿಗಿ ಮಾಡಿದ್ದೆ.

ಮೊದಲನೇ ಎಚ್ಚರಿಕಿ ಕಾಗದ ನಿನಗ ಮುಟ್ಟಿರಬೇಕು. ನಮ್ಮ ಸಭೆದಾಗ ಮೂರು ಎಚ್ಚರಿಕಿ, ಮೂರಾದ ಮ್ಯಾಲ ಹೊರಗ ಇಡ್ತಾರ. ಯಾಕೋಬ ಮಾಮಾನ್ನ ನೋಡೀದಿಯಲ್ಲ, ಟೀವಿ ತಂದಾನಂತ ಹೊರಗಿಟ್ಟು ಒಂಬತ್ತು ವರ್ಷ ಆತು. ತನ್ನ ಮನ್ಯಾಗ ತಾನು ಗ್ಯಾರೇಜಿನ್ಯಾಗ ಬೇರೆ ಮೇಜಿನ ಮ್ಯಾಲ ಒಬ್ಬನ ಉಣತಾನ. ಹೆಂಡತಿ ತಾಟು ಇಟ್ಟು ಒಳಗ ಬರತಾಳ. ಅವನ ಕೈಯಿಂದ ಉಪ್ಪು ಸೈತ ಇಸ್ಕೊಳ್ಳಂಗಿಲ್ಲ, ಪ್ರಾರ್ಥನಾದಾಗ ಹೆಸರು ಹೇಳಂಗಿಲ್ಲ. ‘ನಂದು ತಪ್ಪಾತು’ ಅಂತ ತನ್ನ ಕೈಯಾರೆ ಒಂದು ಮಾತು ಬರೆದು ಕೊಟ್ಟಿದ್ರ ಅವತ್ತ ಒಳಗ ಕರಕೊಂತಿದ್ರು. ಟೀವಿ ಎಂದೋ ಕೆಟ್ಟು ಹೋತು, ಅವನ ಹಟ ಕೆಡಲಿಲ್ಲ.

ನೀನೂ ಒಂದು ಮಾತು ಬರೆದು ಕಳಸು. ‘ನಂದು ತಪ್ಪಾತು, ಮನಸ್ಸು ತಿರುಗೇತಿ.’ ಇಷ್ಟ ಸಾಕು. ಮುಂದಿಂದು ಮುಂದ ನೋಡೋಣ.

ನಾ ಬರೆದದ್ದು ಅಪ್ಪಗ ಗೊತ್ತಿಲ್ಲ. ಉತ್ತರ ಬರಿಯೂದಿದ್ರ ಶೀತಲನ ಅಂಗಡಿ ವಿಳಾಸಕ್ಕ ಬರೆ, ಸ್ಟೇಷನ್ ಎದುರಿನ ಅಂಗಡಿ. ಬೆಳಗಾವಿ ಹುಡುಗಿ, ನಮ್ಮ ಸಭೆಯಾಕಿ ಅಲ್ಲ, ಅದಕ್ಕ ಆಕಿ ಹೊಟ್ಟ್ಯಾಗ ಮಾತು ಉಳೀತಾವ. ಗುರುವಾರಕ್ಕೊಮ್ಮೆ ಜೋಳದ ಹಿಟ್ಟಿಗೆ ಹೋಗತೀನಿ.

ನಾಲ್ಕನೇ ಕ್ಲಾಸಿನ ನಡುವ ಸಾಲಿ ಬಿಡಿಸಿದ್ರು ನನಗ. ಅಕ್ಷರ ಸೊಟ್ಟ ಅದಾವ. ತಿಳೀದಿದ್ರ ಎರಡು ಸಲ ಓದು.

ನಿನ್ನ ಅವ್ವ
ರಾಹೇಲ

~

ಬ್ಲ್ಯಾಕ್‌ಟೌನ್, ಸಿಡ್ನಿ
೧೯ ಮಾರ್ಚ್ ೨೦೨೪

ಪ್ರಿಯ ಅವ್ವನಿಗೆ,

ನಿನ್ನ ಕಾಗದವನ್ನು ಎರಡು ಸಲವಲ್ಲ, ಏಳು ಸಲ ಓದಿದೆನು. ಚಿಲಕ ಎರಡುಂಟು. ಹಲ್ಲನ್ನು ಕೀಳಿಸಿದೆನು.

ನನ್ನ ಕನ್ನಡಕ್ಕೆ ನಗಬೇಡ. ಶೆರ್ಲಿನ್ ನಗುತ್ತಾಳೆ. “ಹಾಲು ತಂದೆನು ಅಂತ ಚೀಟಿ ಬರೆದಿಟ್ಟಿದ್ದೀಯಲ್ಲ ಮಾರಾಯ್ತಿ, ಪ್ರವಾದಿ ಬಂದು ಫ್ರಿಜ್ಜಿಗೆ ಹಾಲು ಇಟ್ಟು ಹೋದ ಹಾಗೆ ಉಂಟು” ಅನ್ನುತ್ತಾಳೆ. ಮೆಲ್ಬರ್ನಿನಲ್ಲಿ ಹುಟ್ಟಿದ ನನಗೆ ಸಭೆಯ ಭಾನುವಾರದ ಪಾಠವೇ ಕನ್ನಡ ಶಾಲೆಯಾಗಿತ್ತು. ನಿನ್ನ ಮಾತು ನನ್ನ ಬಾಯಿಗೆ ಬರುತ್ತದೆ, ಕೈಗೆ ಬರುವುದಿಲ್ಲ.

ಶೆರ್ಲಿನ್ ಯಾರೆಂದು ಕೇಳುವೆ. ನಾನು ಡ್ಯಾಂಡಿನಾಂಗಿನ ವೃದ್ಧಾಶ್ರಮದಲ್ಲಿ ಬಟ್ಟೆ ಒಗೆಯಲು ಹೋಗುತ್ತಿದ್ದೆನಲ್ಲ, ಅಲ್ಲಿ ನರ್ಸ್ ಆಗಿದ್ದಳು. ಮಂಗಳೂರಿನವಳು. ಈಗ ಇಲ್ಲಿ ಆಸ್ಪತ್ರೆಯಲ್ಲಿ ಕೆಲಸ. ನನಗೆ ನಾರ್ತ್ ಸಿಡ್ನಿಯ ಒಂದು ಆಫೀಸಿನಲ್ಲಿ ಕ್ಲೀನಿಂಗ್ ಕೆಲಸ ಸಿಕ್ಕಿದೆ. ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೇವೆ. ಇದಕ್ಕಿಂತ ಹೆಚ್ಚು ಬರೆಯಲಾರೆನು. ಇದಕ್ಕಿಂತ ಕಡಿಮೆ ಬರೆದರೆ ಸುಳ್ಳಾಗುವುದು.

ಅವ್ವ, ಟೀವಿಯಿಲ್ಲದ, ಫೋನಿಲ್ಲದ ಸಭೆಯ ಆ ಇಪ್ಪತ್ತಾರು ಮನೆಗಳ ನಡುವೆ ನಾನು ಇಪ್ಪತ್ತಮೂರು ವರ್ಷ ಇದ್ದೆನು. ಹಾಡಿಗೆ ಮೊದಲ ಸ್ವರ ಎತ್ತುವವಳು ನಾನೇ. ಬಿಳಿ ಮುಸುಕು ಹಾಕಿಕೊಂಡು ಹೆಂಗಸರ ಸಾಲಿನಲ್ಲಿ ಕುಳಿತು, ನನ್ನೊಳಗಿರುವುದನ್ನು ತೆಗೆದುಬಿಡು ಎಂದು ಹತ್ತು ವರ್ಷ ಬೇಡಿಕೊಂಡೆನು. ತೆಗೆಯಲಿಲ್ಲ. ನನ್ನಂಥವರಿಗೆ ಸಭೆಯಲ್ಲಿರುವ ಮಾತುಗಳೆಲ್ಲ ಶಾಪದ ಮಾತುಗಳು. ಇಂಗ್ಲಿಷಿನಲ್ಲಿ ಬೇರೆ ಮಾತುಗಳುಂಟು, ಇಲ್ಲಿ ಬಸ್ಸಿನ ಮೇಲೂ ಬರೆದಿರುತ್ತಾರೆ. ಅದನ್ನು ನಿನಗೆ ಬರೆದರೆ ನೀನು ಶೀತಲಳ ಕೈಯಲ್ಲಿ ಓದಿಸುವೆ, ಅಂಗಡಿಯಲ್ಲಿ ನಿಂತು.

ಒಂದನ್ನೇ ಕೇಳುವೆನು. ನಿನಗೆ ಮೊದಲೇ ಗೊತ್ತಿತ್ತೋ?

ನನ್ನ ಫೋನ್ ನಂಬರನ್ನು ಈ ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ. ಶೀತಲಳ ಫೋನಿನಿಂದ ಒಂದು ಸಲ ಮಾಡು. ನೀನು ಮಾತಾಡದಿದ್ದರೂ ಆದೀತು, ಸುಮ್ಮನೆ ಹಿಡಿದುಕೊಂಡು ನಿಲ್ಲು.

ನಿನ್ನ ಮಗಳು
ತಬಿತಾ

~

ಡ್ಯಾಂಡಿನಾಂಗ್
೪ ಏಪ್ರಿಲ್ ೨೦೨೪, ಗುರುವಾರ

ತಬಿತಾಗೆ,

ನಿನ್ನ ಫೋನ್ ನಂಬರು ಹರಿದು ಸ್ಟೇಷನ್ನಿನ ಡಬ್ಬಿಗೆ ಹಾಕಿದೆ. ಬೈಬ್ಯಾಡ. ನಂಬರು ನನ್ನ ಹತ್ರ ಇದ್ರ ನಾ ಮಾಡದ ಇರಂಗಿಲ್ಲ. ಅಪ್ಪ ‘ಆಕಿ ಜೋಡಿ ಮಾತಾಡಿದಿಯೇನು’ ಅಂತ ಕೇಳಿದ್ರ ನನಗ ಸುಳ್ಳು ಹೇಳಾಕ ಬರಂಗಿಲ್ಲ, ಕಿವಿ ಕೆಂಪಗ ಆಗತಾವ. ಬರೆದೀಯೇನು ಅಂತ ಅವರು ಕೇಳಂಗಿಲ್ಲ. ನನಗ ಬರೀಲಿಕ್ಕೆ ಬರತೈತಿ ಅನ್ನೂದ ಅವರಿಗೆ ನೆನಪಿಲ್ಲ.

ಆ ಹುಡುಗಿ ವಿಚಾರ ಓದಿ ನನಗ ಎರಡು ದಿನ ನಿದ್ದಿ ಇಲ್ಲ. ಹುಡುಗಿ ಅನ್ನೂದು ಒಂದು, ಅದರ ಮ್ಯಾಲ ರೋಮನ್ ಕ್ಯಾಥೋಲಿಕ್ ಸಭೆಯಾಕಿ ಬ್ಯಾರೆ! ಮಂಗಳೂರಾಕಿ ಅಂದಕೂಡಲೆ ನನಗ ತಿಳೀತು. ಇದನ್ನ ಹಿರಿಯರಿಗೆ ಹೇಳಿದ್ರ ಯಾವುದಕ್ಕ ಮೊದಲು ಸಿಟ್ಟಾಗಬೇಕಂತ ಅವರಿಗೂ ತಿಳೀಲಿಕ್ಕಿಲ್ಲ. ನಾ ಹೇಳಿಲ್ಲ. ಆಕಿಗೆ ಅಡಗಿ ಬರತೈತೇನು? ಖಾರ ಉಣತಾಳೇನು? ಸುಮ್ನ ಕೇಳಿದೆ.

ರೊಟ್ಟಿಗೆ ಹಚ್ಚಿಕೊಳ್ಳಾಕ ಶೇಂಗಾ ಹಿಂಡಿ ಕಳಸೀನಿ, ಎರಡು ಡಬ್ಬಿ. ಎರಡು ಯಾಕ ಅಂತ ಕೇಳಬ್ಯಾಡ. ಸಣ್ಣ ಡಬ್ಬಿ ಇದ್ವು.

ಅಪ್ಪ ಉಣ್ಣೂದು ಕಡಿಮಿ ಮಾಡ್ಯಾರ. ಶೆಡ್ಡಿನ್ಯಾಗ ಹಲಗಿಗೆ ಮೊಳಿ ಹೊಡಿಯೂ ಮುಂದ ಬೆರಳಿಗೆ ಹೊಡಕೊಂಡ್ರು, ಉಗುರು ಕರ್ರಗ ಆಗೇತಿ. ನಿನ್ನ ಕುರ್ಚಿ ಒಳಗ ಒಯ್ದಿಟ್ಟಿದ್ದೆ, ನೋಡಿ ನೋವಾಗಬಾರದಂತ. ಮರದಿನ ನೋಡಿದ್ರ ಅದು ಮತ್ತ ಮೇಜಿಗೆ ಬಂದಿತ್ತು. ನಾ ತಂದಿಲ್ಲ.

ಎರಡನೇ ಎಚ್ಚರಿಕಿ ಕಾಗದದಿಂದ ಆಗಂಗಿಲ್ಲ, ಖುದ್ದ ಹೋಗಬೇಕು ಅಂತ ಹಿರಿಯರು ಮಾತಾಡೂದು ಕೇಳಿದೆ. ಬಂದ್ರ ಚಂದಾಗಿ ಮಾತಾಡು. ಒಂದು ಮಾತು, ತಾಯಿ. ತಪ್ಪಾತು ಅನ್ನೂದಕ್ಕ ನಾಲಿಗಿ ಸವೀತೈತೇನು?

ನಿನ್ನ ಅವ್ವ
ರಾಹೇಲ

~

ಬ್ಲ್ಯಾಕ್‌ಟೌನ್
೨೯ ಏಪ್ರಿಲ್ ೨೦೨೪

ಅವ್ವನಿಗೆ,

ಬಂದಿದ್ದರು. ಮನೆಗಲ್ಲ, ಕೆಲಸದ ಜಾಗಕ್ಕೆ; ಮನೆಯಿಂದ ನನ್ನ ಹಿಂದೆಯೇ ಬಂದಿರಬೇಕು. ನಾರ್ತ್ ಸಿಡ್ನಿಯ ಆಫೀಸಿನ ಕೆಳಗೆ, ಲಿಫ್ಟಿನ ಮುಂದೆ ನಾನು ನೆಲ ಒರೆಸುತ್ತಿದ್ದೆನು. ಸಂಜೆ ಐದೂವರೆ, ಜನರೆಲ್ಲ ಮನೆಗೆ ಹೊರಟ ಹೊತ್ತು. ಜಯವಂತ ಹಿರಿಯರು ಬಂದು ನನ್ನ ಮುಂದೆ ಮೊಣಕಾಲೂರಿದರು. ಸನ್ಮಿತ್ರನೂ ಊರಿದನು. ನಾನು ಆಗತಾನೆ ಒರೆಸಿದ ನೆಲ, ಅವನ ಪ್ಯಾಂಟು ನೆನೆಯಿತು; ಅವನು ತಲೆ ಎತ್ತಲಿಲ್ಲ. ಹಿರಿಯರು ನನ್ನ ಪಾಪವನ್ನು ಗಟ್ಟಿಯಾಗಿ ಹೇಳಿ ಪ್ರಾರ್ಥಿಸಿದರು, ಮೊದಲು ಕನ್ನಡದಲ್ಲಿ, ಆಮೇಲೆ ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ. ಜನರು ಫೋನ್ ಎತ್ತಿ ವೀಡಿಯೋ ಮಾಡಿದರು. ನಾನು ಬಕೆಟ್ ಹಿಡಿದು ನಿಂತಿದ್ದೆನು.

ಮರುದಿನ ಸೂಪರ್‌ವೈಸರ್ ಬಹಳ ಮೃದುವಾಗಿ ಮಾತಾಡಿ, ನಾಳೆಯಿಂದ ಬರುವುದು ಬೇಡ ಅಂದನು.

ಆ ದಿನದಿಂದ ಯಾರಾದರೂ ಬಾಗಿಲು ಬಡಿದರೆ ನಾನು ದೀಪ ಆರಿಸಿಬಿಡುತ್ತೇನೆ. ಶೆರ್ಲಿನ್ ಈಗ ಬಾಗಿಲು ಬಡಿಯುವುದಿಲ್ಲ, ಹೊರಗೆ ನಿಂತು ಹಾಡುತ್ತಾಳೆ, ತಾನೇ ಎಂದು ನನಗೆ ತಿಳಿಯಲೆಂದು. ಆಕೆಯ ಸ್ವರ ಬಹಳ ಕೆಟ್ಟದು.

ಕೇಳು ಅವ್ವ, ಇದನ್ನು ಸಿಟ್ಟಿನಲ್ಲಿ ಬರೆಯುತ್ತಿಲ್ಲ. ಅವರು ಇನ್ನೊಂದು ಸಲ ಬಂದರೆ ನಾವು ಈ ಮನೆಯನ್ನು ಬಿಡುವೆವು. ಎಲ್ಲಿಗೆಂದು ಯಾರಿಗೂ ಹೇಳೆನು. ನಿನಗೂ ಹೇಳೆನು. ನಿನ್ನಲ್ಲಿ ಅಪನಂಬಿಕೆಯಿಲ್ಲ, ಆದರೆ ನಿನ್ನ ಕಿವಿ ಕೆಂಪಾಗುತ್ತದೆಂದು ನೀನೇ ಬರೆದಿರುವೆ.

ಹಿಂಡಿ ಮುಗಿಯಿತು. ಎರಡನೆಯ ಡಬ್ಬಿಯನ್ನು ತಿಂದವಳು ಕಣ್ಣಲ್ಲಿ ನೀರು ತಂದುಕೊಂಡು, ಇನ್ನೂ ಬೇಕು ಅಂದಳು.

ನಾನು ಕೇಳಿದ್ದಕ್ಕೆ ನೀನು ಉತ್ತರ ಬರೆಯಲಿಲ್ಲ.

ತಬಿತಾ

~

ಡ್ಯಾಂಡಿನಾಂಗ್
೧೬ ಮೇ ೨೦೨೪

ತಬಿತಾಗೆ,

ಮನಿ ಬಿಡಬ್ಯಾಡ. ಕಾಲು ಬೀಳತೀನಿ, ಮನಿ ಬಿಡಬ್ಯಾಡ. ಈ ಗುರುವಾರದ ಕಾಗದ ಒಂದ ಈಗ ನನಗ ಉಳಿದದ್ದು. ಬುಧವಾರ ರಾತ್ರಿನ ಚೀಲ ಮಡಿಚಿ ಬಾಗಿಲ ಹತ್ರ ಇಡತೀನಿ. ಕಾಗದ ಬಾರದ ವಾರಾನೂ ಹಿಟ್ಟು ತಗೊಂಡು ಬರತೀನಿ, ಮನ್ಯಾಗ ಈಗ ಐದು ಚೀಲ ಹಿಟ್ಟು ಆಗೇತಿ. “ಇಷ್ಟ್ಯಾಕ ಹಿಟ್ಟು?” ಅಂತ ಅಪ್ಪ ಕೇಳಿದ್ರು. ಹುಳ ಹಿಡೀತಾವಂದ್ರು. ಏನಂತ ಹೇಳಲಿ?

ನಿನ್ನ ಕೆಲಸ ಹೋದದ್ದು ಯಾರೂ ಇಲ್ಲೆ ಹೇಳಲಿಲ್ಲ. ಸನ್ಮಿತ್ರ ಸಿಡ್ನಿಯಿಂದ ಬಂದಾಗಿಂದ ಸಭೆದಾಗ ಹಿಂದಿನ ಬೆಂಚಿಗೆ ಕೂಡ್ರತಾನ.

ಮೂರನೇ ಎಚ್ಚರಿಕಿ ಸಭೆದಾಗ ಓದಿ ಮುಗಿಸಿದ್ರು. ಜೂನ್ ಒಂಬತ್ತನೇ ತಾರೀಖು ಭಾನುವಾರ ಹೊರಗಿಡೂದು. ಅವತ್ತು ತಾಯಿ ತಂದಿ ಇಬ್ಬರೂ ಎದ್ದು ನಿಂತು, ‘ಆಕಿ ನಮ್ಮ ಮೇಜಿಗೆ ಬರಂಗಿಲ್ಲ’ ಅಂತ ಕೈ ಎತ್ತಬೇಕು. ನನ್ನ ಕೈ, ತಬಿತಾ. ಇದ ಕೈ. ನಾ ಹ್ಯಾಂಗ ಎತ್ತಲಿ?

ಇನ್ನ ಇಪ್ಪತ್ನಾಲ್ಕು ದಿನ ಐತಿ. ಸುಳ್ಳ ಆದ್ರೂ ಬರೆ. ದೇವರಿಗೆ ನಾ ಹೇಳಕೊಂತೀನಿ.

ಅವ್ವ

~

ಬ್ಲ್ಯಾಕ್‌ಟೌನ್
೨೯ ಮೇ ೨೦೨೪

ಅವ್ವನಿಗೆ,

ಬರೆಯಲು ಕುಳಿತೆನು. ನಿನಗಾಗಿ ಸುಳ್ಳಾದರೂ ಬರೆಯೋಣವೆಂದೇ ಕುಳಿತೆನು. ‘ನನ್ನದು ತಪ್ಪಾಯಿತು’ ಎಂಬುದು ಆಯಿತು. ‘ಮನಸ್ಸು’ ಎಂದು ಬರೆಯುವಾಗ ಶೆರ್ಲಿನ್ ತಲೆ ಸ್ನಾನ ಮಾಡಿ ಬಂದು ನನ್ನ ಹಿಂದೆ ನಿಂತು ಕೂದಲು ಒರೆಸಿಕೊಳ್ಳುತ್ತಿದ್ದಳು. ಆಕೆಗೆ ಕನ್ನಡ ಓದಲು ಬರುತ್ತದೆ. ಓದಿದಳು. ಹೋಗಿ ಚಹಾ ಮಾಡಿದಳು. ಸಿಟ್ಟಾಗಿ ಒಂದೇ ಕಪ್ ಮಾಡಿಕೊಂಡಿದ್ದರೆ ನಾನು ಬರೆದು ಮುಗಿಸುತ್ತಿದ್ದೆನೋ ಏನೋ. ಎರಡು ಕಪ್ ಮಾಡಿದಳು. ನಾನು ಕಾಗದವನ್ನು ಹರಿದೆನು.

ಕೈ ಎತ್ತು, ಅವ್ವ. ನಾನು ತಪ್ಪು ತಿಳಿಯೆನು. ಅಪ್ಪನೊಂದಿಗೆ ನೀನು ಬದುಕಬೇಕು. ಆ ಇಪ್ಪತ್ತಾರು ಮನೆ ಬಿಟ್ಟರೆ ನಿನಗೆ ಈ ದೇಶದಲ್ಲಿ ಯಾರಿದ್ದಾರೆ? ನಿನಗೆ ಟ್ರೇನಿನ ಕಾರ್ಡ್ ಒತ್ತಲೂ ಭಯ.

ಆದರೆ ನಾನು ಕೇಳಿದ್ದನ್ನು ಇನ್ನೊಮ್ಮೆ ಕೇಳುವೆನು. ಗೊತ್ತಿತ್ತೋ?

ತಬಿತಾ

~

ಡ್ಯಾಂಡಿನಾಂಗ್
೨೧ ಜೂನ್ ೨೦೨೪, ಶುಕ್ರವಾರ

ತಬಿತಾ,

ಇದನ್ನ ಅಂಗಡ್ಯಾಗ ನಿಂತು ಬರೀಲಿಕ್ಕೆ ಹತ್ತೀನಿ. ಶೀತಲ ಎಕ್ಸ್‌ಪ್ರೆಸ್ ಪೋಸ್ಟಿಗೆ ಹಾಕತೀನಿ, ಸೋಮವಾರ ಮುಟ್ಟತೈತಿ ಅಂದಾಳ. ಮುಟ್ಟದಿದ್ರ? ನೀ ಇದನ್ನ ನಿಂತ ಓದಬ್ಯಾಡ, ಕೂತು ಓದು.

ನಾ ಬರೆದೆ. ನಿನ್ನ ಹೆಸರಿಲೆ ನಾ ಬರೆದು ಕೊಟ್ಟೆ.

ನಿನ್ನ ಭಾನುವಾರದ ಸಾಲಿ ವಹಿ ನನ್ನ ಟ್ರಂಕಿನ್ಯಾಗ ಇತ್ತು. ಅಪ್ಪ ಶೆಡ್ಡಿಗೆ ಹೋದ ಮ್ಯಾಲ ಅದನ್ನ ಮುಂದ ಇಟ್ಕೊಂಡು, ನಿನ್ನ ‘ತ’ ಹ್ಯಾಂಗ, ನಿನ್ನ ‘ಮ’ ಹ್ಯಾಂಗ ಅಂತ ನೋಡಿ ನೋಡಿ ತಿದ್ದಿದೆ. ಐದು ಮಧ್ಯಾಹ್ನ ಹಿಡೀತು. ನನ್ನ ಜೀವನದಾಗ ಅಷ್ಟು ಚಂದ ನಾ ಎಂದೂ ಬರೆದಿಲ್ಲ. ಜೂನ್ ಒಂಬತ್ತಕ್ಕ ಸಭೆ ಶುರು ಆಗೂ ಮುಂಚೆ ಹಿರಿಯರ ಕೈಯಾಗ ಕೊಟ್ಟೆ. ‘ಟಪಾಲಿಗೆ ಬಂತು’ ಅಂದೆ. ಅವತ್ತು ನನ್ನ ಕಿವಿ ಸೈತ ಕೆಂಪಗ ಆಗಲಿಲ್ಲ ನೋಡು.

ಹಿರಿಯರು ಗಟ್ಟಿಯಾಗಿ ಓದಿದ್ರು. ಹೆಣಮಕ್ಕಳೆಲ್ಲಾ ನನ್ನ ಕೊಳ್ಳಿಗೆ ಬಿದ್ದು ಅತ್ರು. ಮನಿಗೆ ಬಂದು ಅಪ್ಪ ನಾಲ್ಕು ರೊಟ್ಟಿ ಉಂಡ್ರು. ಮರದಿನ ಬಣ್ಣ ತಂದು ನಿನ್ನ ಖೋಲಿಗೆ ಹಚ್ಚಿದ್ರು, ತಿಳಿ ಹಸಿರು. ಹಚ್ಚಿಕೋತ ಹಾಡು ಗುನುಗಿದ್ರು. ಆ ಹತ್ತು ದಿನ ನಾ ಹೇಳಲಾರದಷ್ಟು ಸುಖದಾಗಿದ್ದೆ, ಪಾಪಿ ನಾ. ಒಂದು ಕಾಗದ ಕೊಟ್ರ ಮುಗೀತು ಅಂತ ತಿಳಕೊಂಡಿದ್ದೆ. ತಿರುಗಿದಾಕಿನ್ನ ಕರಕೊಂಡು ಬರಾಕ ಹೋಗತಾರ ಅನ್ನೂದು ನನ್ನ ತಲಿಗೆ ಹೊಳೀಲಿಲ್ಲ!

ಬುಧವಾರ ಹೇಳಿದ್ರು. ಸೋಮವಾರ ನಸುಕಿನ್ಯಾಗ ಹೊರಡತಾರ. ಹಿರಿಯರು, ಸನ್ಮಿತ್ರ, ಈ ಸಲ ಅಪ್ಪಾನೂ. ಸಂಜೀಕ ನಿನ್ನ ಬಾಗಿಲಿಗೆ ಬರತಾರ. ಅಪ್ಪ ಹೊಸಾ ಅಂಗಿ ಇಸ್ತ್ರಿ ಮಾಡಿಸಿ ಇಟ್ಕೊಂಡಾರ.

“ನಂಬರ್ ಕೊಡ್ರೀ ಆಂಟಿ, ಈಗ ಫೋನ್ ಹಚ್ಚತೀನಿ” ಅಂದಳು ಶೀತಲ. ಎಲ್ಲಿಂದ ಕೊಡಲಿ? ನನ್ನ ಕೈಯಾರೆ ಹರದೀನಿ. ಒಂದು ಒಂಬತ್ತು ನೆನಪೈತಿ, ಎರಡು ನಾಲ್ಕು ನೆನಪೈತಿ. ಉಳಿದದ್ದು ನೆನಪಿಲ್ಲ.

ಮನಿ ಬಿಟ್ಟು ಹೋಗಬ್ಯಾಡ ಅಂತ ಯಾವ ಬಾಯಿಲೆ ಹೇಳಲಿ? ಆ ದಿವಸ ಮನ್ಯಾಗ ಇರಬ್ಯಾಡ ಅಷ್ಟ. ಒಂದು ದಿವಸ ಎಲ್ಯಾರ ಹೋಗಿ, ಮತ್ತ ಬಾ. ನನಗ ವಿಳಾಸ ಇರಲಿ.

ಅವ್ವ

~

ಬ್ಲ್ಯಾಕ್‌ಟೌನ್
೨೪ ಜೂನ್ ೨೦೨೪, ಸೋಮವಾರ

ಅವ್ವ,

ನಿನ್ನ ಕಾಗದ ಹನ್ನೆರಡು ಗಂಟೆಗೆ ಬಂತು. ನೀನು ಹೇಳಿದಂತೆ ಕುಳಿತು ಓದಿದೆನು.

ನೀನು ನನ್ನ ಹೆಸರಿನಲ್ಲಿ ನನ್ನನ್ನೇ ತಪ್ಪೆಂದು ಬರೆದೆ. ಹಿರಿಯರು ಮೊಣಕಾಲೂರಿದ್ದಕ್ಕಿಂತ ಇದು ದೊಡ್ಡದು. ಅವರು ನನ್ನ ಬಾಯಿಗೆ ಮಾತು ಇಡಲಿಲ್ಲ. ನೀನು ನನ್ನ ‘ತ’ವನ್ನೂ ನನ್ನ ‘ಮ’ವನ್ನೂ ತೆಗೆದುಕೊಂಡೆ.

ಶೆರ್ಲಿನ್ ರಜೆ ಹಾಕಿ ಬಂದಳು. ನಾವು ಎರಡು ಬ್ಯಾಗು ತುಂಬಿದೆವು, ದೀಪ ಹಾಕದೆ ಒಳಗೇ ಕುಳಿತೆವು. ಸಂಜೆ ಪಕ್ಕದ ಮನೆಯವರ ಕಾರಿನ ಬಾಗಿಲು ಸದ್ದಾದಾಗ ನಾನು ಬಚ್ಚಲಿನಲ್ಲಿ ಬಚ್ಚಿಟ್ಟುಕೊಂಡೆನು. ಇಪ್ಪತ್ತಮೂರು ವರ್ಷದವಳು, ಬಚ್ಚಲಿನಲ್ಲಿ. ಏಳೂವರೆಯಾಯಿತು, ಯಾರೂ ಬರಲಿಲ್ಲ. ಯಾಕೆ ಬರಲಿಲ್ಲವೋ ತಿಳಿಯದು. ನಾಳೆ ಬರುವರೋ, ನಾಡಿದ್ದು ಬರುವರೋ?

ಶನಿವಾರ ಬೆಳಿಗ್ಗೆ ನಾವು ಇಲ್ಲಿಂದ ಹೋಗುತ್ತೇವೆ. ಶೆರ್ಲಿನ್ ಬೇರೆ ಊರಿನ ಆಸ್ಪತ್ರೆಯಲ್ಲಿ ಕೇಳಿಕೊಂಡಿದ್ದಾಳೆ. ಹೊಸ ವಿಳಾಸ ಬರೆಯುವುದಿಲ್ಲ. ಇದನ್ನು ಎಕ್ಸ್‌ಪ್ರೆಸ್ಸಿನಲ್ಲಿ ಹಾಕುತ್ತಿದ್ದೇನೆ, ಗುರುವಾರ ನೀನು ಬರೀ ಹಿಟ್ಟು ಹೊತ್ತು ಮನೆಗೆ ಹೋಗಬಾರದೆಂದು.

ಗೊತ್ತಿತ್ತೋ ಎಂದು ಇನ್ನು ಕೇಳೆನು.

ತಬಿತಾ

~

ಡ್ಯಾಂಡಿನಾಂಗ್
೨೭ ಜೂನ್ ೨೦೨೪, ಗುರುವಾರ

ನನ್ನ ತಬಿತಾಗೆ,

ಕರ್ತನ ಸಮಾಧಾನ ನಿನಗ ಇರಲಿ. ಬರೀಬಹುದೋ ಬರೀಬಾರದೋ ಅಂತ ಈಗ ಯಾರನ್ನೂ ಕೇಳೂದಿಲ್ಲ.

ಅವರು ಯಾಕ ಬರಲಿಲ್ಲ ಹೇಳತೀನಿ. ಭಾನುವಾರ ಸಭೆದಾಗ ಹಿರಿಯರು, ‘ನಾಳೆ ಪ್ರಯಾಣ ಐತಿ, ಎಲ್ಲಾರೂ ಪ್ರಾರ್ಥನಾ ಮಾಡ್ರಿ’ ಅಂದ್ರು. ಎಲ್ಲಾರೂ ಕಣ್ಣು ಮುಚ್ಚಿದ್ರು. ನಾ ಎದ್ದೆ. ಬೆಂಚು ಕಿರ್ ಅಂತು.

“ರಾಹೇಲವ್ವ, ಕೂಡ್ರು” ಅಂದ್ರು ಹಿರಿಯರು. “ಹೆಣಮಕ್ಕಳು ಸಭೆದಾಗ ಮಾತಾಡೂ ಹಂಗಿಲ್ಲ.”

“ಮಾತಾಡಂಗಿಲ್ರೀ. ಬರೆದದ್ದು ತಂದೀನಿ” ಅಂದೆ.

ಮುಂದ ಹೋಗಿ, ರೊಟ್ಟಿ ದ್ರಾಕ್ಷಾರಸ ಇಡೂ ಮೇಜಿನ ಮ್ಯಾಲ ನಿನ್ನ ವಹಿ ಇಟ್ಟೆ. ಬಾಜೂಕ, ನಾ ಐದು ಮಧ್ಯಾಹ್ನ ತಿದ್ದಿದ ಹಾಳೆ ಎಲ್ಲಾ ಇಟ್ಟೆ. ಹನ್ನೊಂದು ಹಾಳೆ. ಎಲ್ಲಾದ್ರಾಗೂ ಒಂದ ಮಾತು: ನಂದು ತಪ್ಪಾತು, ನಂದು ತಪ್ಪಾತು. ಹಿರಿಯರು ಒಂದೊಂದು ತಿರುವಿ ನೋಡಿದ್ರು. ಕನ್ನಡಕ ತೆಗೆದು ಒರೆಸಿ ಮತ್ತ ನೋಡಿದ್ರು. ಹಿಂದಿನ ಬೆಂಚಿನ್ಯಾಗ ಸನ್ಮಿತ್ರ ಉಸಿರು ಬಿಟ್ಟದ್ದು ನನಗ ಕೇಳಿಸ್ತು. ಅದು ಸಿಟ್ಟಿಂದಲ್ಲ. ಹೊರಿ ಇಳಿಸಿದವರು ಬಿಡತಾರಲ್ಲ, ಹಂಗ.

ಸಿಡ್ನಿ ಪ್ರಯಾಣ ಅಲ್ಲಿಗೆ ನಿಂತಿತು. ಸಭೆಗೆ ಮೋಸ ಮಾಡಿದ್ರ ಮೂರು ಎಚ್ಚರಿಕಿ ಇಲ್ಲ. ಅವತ್ತ ಕೈ ಎತ್ತಿದ್ರು, ನಿನಗೂ ನನಗೂ ಕೂಡೇ. ಅಪ್ಪ ಎತ್ತಿದ್ರೋ ಇಲ್ಲೋ ನಾ ನೋಡಲಿಲ್ಲ. ನೋಡಬಾರದಂತ ನನ್ನ ಚಪ್ಪಲಿ ನೋಡಕೋತ ನಿಂತೆ.

ಮನಿಗೆ ಬಂದು ಅಪ್ಪ ಮಡಚೂ ಮೇಜು ಹೊರಗ ತೆಗೆದ್ರು, ವಾಷಿಂಗ್ ಮಷೀನಿನ ಬಾಜೂಕ ಹಾಕಿದ್ರು. ಒಂದು ಕಾಲು ಅಳ್ಳಾಡತಿತ್ತು. ಕೂತು, ಕಾಗದ ಮಡಚಿ ಮಡಚಿ ಕಾಲಿನ ಬುಡಕ ಇಟ್ರು, ಅಲುಗಾಡಿಸಿ ನೋಡಿದ್ರು, ಇನ್ನೊಂದು ಮಡಿಕಿ ಇಟ್ರು. ನನ್ನ ತಾಟು ತಂದಿಟ್ಟು ಒಳಗ ಹೋದ್ರು. ಬಾಗಿಲಾ ಹಾಕಿಕೊಳ್ಳಲಿಲ್ಲ. ಒಳಗ ಅವರು ರೊಟ್ಟಿ ಮುರಿಯೂ ಸಪ್ಪಳ ನನಗ ಕೇಳತಿತ್ತು, ನನ್ನದು ಅವರಿಗೆ ಕೇಳತಿತ್ತು. ನಾಲ್ಕು ದಿನ ಹಿಂಗ ಉಂಡ್ವಿ.

ನನಗೂ ಬರೆದು ಕೊಡು ಅಂದ್ರು ಹಿರಿಯರು, ಕೊಟ್ರ ಒಳಗ ಕರಕೊಂತಾರಂತ. ಬರೀಲಿಕ್ಕೆ ಕೂತೆ. ನಂದು ತಪ್ಪಾತು ಅಂತ ಬರೆದೆ. ಮುಂದ ಕೈ ಏಳಲಿಲ್ಲ. ನೀ ಯಾಕ ಹರಿದಿ ಅಂತ ಅವತ್ತ ತಿಳೀತು. ಇಷ್ಟ ತಿಳಕೊಳ್ಳಾಕ ನನಗ ಇಷ್ಟು ದಿನ ಬೇಕಾತು.

ಇವತ್ತು ನಿನ್ನ ಕಾಗದ ಬಂತು. ನೀ ಇನ್ನ ಕೇಳಂಗಿಲ್ಲಂತ ಬರದೀದಿ. ಕೇಳದಿದ್ರೂ ಹೇಳತೀನಿ.

ಗೊತ್ತಿತ್ತು.

ನಿನಗ ಹದಿಮೂರು ವರ್ಷ. ನಿನ್ನ ಗೆಳತಿ ದೀನಾನ ಮನಿಯವರು ಊರು ಬಿಟ್ಟು ಶೆಪರ್ಟನ್ನಿಗೆ ಹೋದ್ರು. ಆ ಹುಡುಗಿ ಮುಸುಕು ಒಂದು ನಮ್ಮ ಹಗ್ಗದ ಮ್ಯಾಲ ಉಳಿದಿತ್ತು. ನೀ ಅದನ್ನ ತಲಿದಿಂಬಿನ ಬುಡಕ ಇಟ್ಕೊಂಡು ಮೂರು ದಿನ ಅನ್ನ ಮುಟ್ಟಲಿಲ್ಲ. ನಾ ಬಾಗಿಲದಾಗ ನಿಂತು ನೋಡಿದೆ. ಗೆಳತಿಗೆ ಹಂಗ ಅಳಂಗಿಲ್ಲ ಅಂತ ನನಗ ಅವತ್ತ ಗೊತ್ತಾತು. ಏನು ಮಾಡಿದೆ ನಾ? ಹೊಟ್ಟಿ ನೋವು ಇರಬೇಕಂತ ಓಮಿನ ನೀರು ಕುದಿಸಿ ಕೊಟ್ಟೆ. ನೀ ಕುಡದಿ. ನನ್ನ ಮಾರಿ ನೋಡಕೋತ ಕುಡದಿ. ನಾ ಕೇಳಲಿ ಅಂತ ನೋಡಿದಿ. ನಾ ಕಪ್ಪು ತೊಳಿಯಾಕ ಹೋದೆ.

ಹತ್ತು ವರ್ಷ ಗೊತ್ತಿಲ್ಲದಾಕಿ ಹಂಗ ಇದ್ದೆ. ಅದು ನಂದು ತಪ್ಪಾತು. ಇದನ್ನ ನನ್ನ ಅಕ್ಷರದಾಗ, ನನ್ನ ಹೆಸರಿಲೆ ಬರದೀನಿ. ಸೊಟ್ಟ ಐತಿ. ಹಂಗ ಇರಲಿ.

ಈ ಕಾಗದ ಟಪಾಲಿಗೆ ಹಾಕಂಗಿಲ್ಲ. ಮುಟ್ಟೂದ್ರಾಗ ನೀವು ಹೋಗಿರತೀರಿ. ನಾನ ತರತೀನಿ. ನಾಳೆ ಮುಂಜಾನಿ ಎಂಟೂವರಿ ಟ್ರೇನು, ಸಂಜೀಕ ಸಿಡ್ನಿ. ಶೀತಲ ಟಿಕೀಟು ಬುಕ್ ಮಾಡ್ಯಾಳ, ಕಾರ್ಡು ಹ್ಯಾಂಗ ಒತ್ತಬೇಕಂತ ಮೂರು ಸಲ ತೋರಿಸ್ಯಾಳ. ಸಿಡ್ನಿಯಾಗ ಇಳಿದು ಬ್ಲ್ಯಾಕ್‌ಟೌನಿಗೆ ಇನ್ನೊಂದು ಟ್ರೇನಂತ. ಅದರದ ಭಯ. ತಪ್ಪು ಟ್ರೇನು ಹತ್ತಿದ್ರ? ಹತ್ತಿದ್ರ ಇಳಿದು ಮತ್ತ ಹತ್ತತೀನಿ. ನೀವು ಮೊದಲ ಹೋಗಿದ್ರ, ಎರಡು ಚಿಲಕದ ಬಾಗಿಲ ಮುಂದ ಕೂಡ್ರತೀನಿ. ನನ್ನ ಒಳಗ ಕರೀಬೇಕಂತ ಇಲ್ಲ. ಇದನ್ನ ಓದಿ ನೋಡು, ಆಮ್ಯಾಲ ನಿನಗ ಹ್ಯಾಂಗ ತಿಳೀತೈತಿ ಹಂಗ.

ಅಪ್ಪಗ ಹೇಳಿದೆ, ಬಾಗಿಲದಾಗ ನಿಂತು. ‘ಹೋಗಿ ಬರತೀನ್ರೀ’ ಅಂದೆ. ಹೊರಗಿಟ್ಟಾಕಿ ಜೋಡಿ ಮಾತಾಡೂ ಹಂಗಿಲ್ಲ. ಒಳಗ ಹೋಗಿ ಬೂಟು ಹಾಕ್ಕೊಂಡು ಬಂದು ಕೂತ್ರು. ಸ್ಟೇಷನ್ ತನಕಾ ಬರತಾರೋ, ಸುಮ್ನ ಕೂಡ್ರತಾರೋ, ನಾಳೆ ಮುಂಜಾನಿ ತಿಳೀತೈತಿ.

ಹೊರಗಿಟ್ಟವರ ಜೋಡಿ ಉಣ್ಣಬಾರದು ಅನ್ನೂದು ಒಳಗಿದ್ದವರಿಗೆ. ನನಗ ಈಗ ಆ ಕಟ್ಟಿಲ್ಲ. ಐದು ಚೀಲದಾಗ ಒಂದು ಚೀಲ ಹಿಟ್ಟು ಇವತ್ತ ಸವಿಸೀನಿ. ರೊಟ್ಟಿ ತೆಳ್ಳಗ ಬಡಿದು, ಕಡಕ್ ಮಾಡಿ, ಅರಿವಿ ಗಂಟಿನ್ಯಾಗ ಕಟ್ಟೀನಿ. ಹಿಂಡಿಗೆ ಖಾರ ಹೆಚ್ಚಿಗಿ ಹಾಕೀನಿ, ಆಕಿಗೆ ಬೇಕಂತ ಬರದಿದ್ದಿಯಲ್ಲ.

ಮೂರು ಮಂದಿಗೆ ಆಗತೈತಿ.

ಅವ್ವ